ಒಣಮಣ್ಣು

ಬಲಗೈ ಹೆಬ್ಬೆರಳಿನ ಉಗುರಿನೊಳಗಿನ ಮಣ್ಣು ಏನು ಮಾಡಿದರೂ ಬರುತ್ತಿರಲಿಲ್ಲ. ಮಗಳು ಸೂಜಿಯ ಹಿಂಬದಿಯಿಂದ ಮೆಲ್ಲಗೆ ಕೆದಕಿದಳು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು, ಮತ್ತೆ ಕೆದಕಿದಳು. ಉಳಿದ ಒಂಬತ್ತು ಬೆರಳುಗಳು ಚೊಕ್ಕಟವಾಗಿದ್ದವು. ಇದೊಂದು ಹಟ ಹಿಡಿದಿತ್ತು. ಬದುಕಿದ್ದಾಗ ಅಪ್ಪ ಕೈ ಕಿತ್ತುಕೊಂಡು ಎದ್ದುಹೋಗುತ್ತಿದ್ದ. ಈಗ ಕೊಟ್ಟ ಕೈ ಕೊಟ್ಟ ಹಾಗೆಯೇ ಇತ್ತು.

"ಸಾಕು ಬಿಡೇ ಮೂಗಿ," ಎಂದಳು ಅತ್ತೆ ಬಾಗಿಲಲ್ಲಿ ನಿಂತು. ಸತ್ತವನ ಅಕ್ಕ ಅವಳು. ಅತ್ತು ಮುಗಿಸಿ ಈಗ ಕೆಲಸಕ್ಕೆ ಇಳಿದಿದ್ದಳು. "ಮಣ್ಣಿಗೆ ಹೋಗೋ ಕೈಗೆ ಅಷ್ಟು ಮಣ್ಣು ಇದ್ರೆ ಏನು ಕಡಿಮೆಯಾಗುತ್ತೆ?"

ಮಗಳು ಮೂಗಿಯೇನಲ್ಲ. ಮಾತು ಕಮ್ಮಿ, ಅಷ್ಟೇ. ನಾಲ್ಕು ಜನರ ಮುಂದೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣ ಇಟ್ಟ ಹೆಸರು ಇಪ್ಪತ್ತಾರು ತುಂಬಿದರೂ ಬಿಟ್ಟಿರಲಿಲ್ಲ.

"ಅಣ್ಣ ಏನಂದ?" ಎಂದು ಕೇಳಿದಳು.

"ಗೋಡೆಗೆ ಹೇಳಿದ್ರೂ ಒಂದು ಸಲ ಹೂಂ ಅಂತಿತ್ತು. ಪೆಟ್ಟಿಗೆ ಮಾಡಿಕೊಟ್ಟಿದ್ದೀನಿ, ಮುಚ್ಚಳಕ್ಕೆ ಮೊಳೆ ಹೊಡೆದು ಹೋಗ್ತೀನಿ, ಹೆಗಲು ಮಾತ್ರ ಕೇಳಬೇಡಿ ಅಂತಾನೆ. ಹೆತ್ತ ಮಗನೇ ಹೊರದಿದ್ರೆ ಕೆಳಬೀದಿಯವರು ಯಾಕೆ ಹೊರ್ತಾರೆ? ಗೇಟುಮಾಮ ಒಬ್ಬ ಇದ್ದಾನೆ, ಅವನ ಸೊಂಟ ಅವನೇ ಹೊತ್ತುಕೊಂಡ್ರೆ ಸಾಕಾಗಿದೆ. ನಾನೂ ನೀನೂ ಸೇರಿ ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಹೋಗೋದಾ? ಹಳೇ ಬೀರು ಸಾಗಿಸೋ ಹಾಗೆ?" ಅತ್ತೆ ಅಂಗಳದ ಕಡೆ ಕೈ ತೋರಿಸಿದಳು. "ನೀನು ಒಂದು ಮಾತು ಕೇಳಿನೋಡು. ನೀನಂದ್ರೆ ಅವನಿಗೆ ಮೊದಲಿಂದಲೂ ಒಂದು ಇದು."

ಅಣ್ಣ ಹನ್ನೊಂದು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇವತ್ತು ಬೆಳಿಗ್ಗೆಯೂ ತುಳಿಯಲಿಲ್ಲ. ಬಡಗಿ ಅವನು, ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿ, ಕಾಂಪೌಂಡಿನ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಅಪ್ಪನ ಅಳತೆಯನ್ನು ಅವನು ಯಾರನ್ನೂ ಕೇಳಿರಲಿಲ್ಲ. ಅತ್ತೆ ನೂಲು ಹಿಡಿದು ನೋಡಿದಾಗ ಪೆಟ್ಟಿಗೆ ಕೂದಲೆಳೆಯಷ್ಟೂ ಹೆಚ್ಚು ಕಮ್ಮಿಯಿಲ್ಲದೆ ಸರಿಯಾಗಿತ್ತು.

ಮಗಳು ಅಪ್ಪನ ಕೈಯನ್ನು ಎದೆಯ ಮೇಲಿಟ್ಟಳು, ಮಣ್ಣಿನ ಹೆಬ್ಬೆರಳು ಕೆಳಗೆ ಬರುವ ಹಾಗೆ. ಏನು ಕೇಳಬೇಕೆಂಬುದು ಅವಳಿಗೆ ಗೊತ್ತಿತ್ತು. ಕೇಳುವ ಮೊದಲು ಏನು ಹೇಳಬೇಕಾಗುತ್ತದೆ ಎಂಬುದೂ ಗೊತ್ತಿತ್ತು.

*

ಅಪ್ಪ ನದಿ ಕಚೇರಿಯ ಮಣ್ಣಿನವನು. ಮಳೆ ಅಳೆಯುವುದಕ್ಕೆ ಊರಿಗೊಬ್ಬರಿದ್ದರು; ಮಣ್ಣು ಅಳೆಯುವುದಕ್ಕೆ ಇಡೀ ಕಣಿವೆಗೆ ಅವನೊಬ್ಬ. ಮಳೆಗಾಲ ಹಿಡಿದಂದಿನಿಂದ ಬಿಡುವವರೆಗೆ ವಾರಕ್ಕೊಮ್ಮೆ ಮೂರು ಕಡೆ ಹೋಗುತ್ತಿದ್ದ. ಗುಡ್ಡದ ನೆತ್ತಿ, ನಡುವಿನ ಇಳಿಜಾರು, ಹೊಳೆಯ ಅಂಚು. ಮೊಣಕೈ ಮುಳುಗುವಷ್ಟು ಅಗೆದು, ತಗಡಿನ ಡಬ್ಬಿಗಳಲ್ಲಿ ಮಣ್ಣು ತುಂಬಿಕೊಂಡು ಬರುತ್ತಿದ್ದ. ಮನೆಗೆ ಅಂಟಿಕೊಂಡಂತಿದ್ದ ಸಣ್ಣ ಕೋಣೆಯಲ್ಲಿ ಕಚೇರಿಯವರು ಕೊಟ್ಟ ತಕ್ಕಡಿಯೂ ಒಂದು ಓವನ್ನೂ ಇದ್ದವು. ಡಬ್ಬಿಯನ್ನು ಹಸಿಯಾಗಿ ಒಮ್ಮೆ ತೂಗಿ, ಒಂದು ಹಗಲು ಒಂದು ರಾತ್ರಿ ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಬೇಕು. ಎಷ್ಟು ತೂಕ ಇಳಿಯಿತೋ ಅಷ್ಟು ನೀರು ಮಣ್ಣಿನಲ್ಲಿತ್ತು ಎಂದು ಲೆಕ್ಕ. ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ ಫೋನಿನಲ್ಲಿ ಕಚೇರಿಗೆ ಹೇಳಬೇಕು. ಅವರು ಒಂದು ಗೆರೆ ಹಾಕಿಟ್ಟುಕೊಂಡಿದ್ದರು. ನೀರು ಆ ಗೆರೆ ದಾಟಿದರೆ ಮೇಲಿನ ಅಣೆಕಟ್ಟಿನ ಗೇಟನ್ನು ಮೊದಲೇ ಅಷ್ಟಿಷ್ಟು ಎತ್ತಿ ಜಾಗ ಮಾಡಿಕೊಳ್ಳುವುದು. ದಾಟದಿದ್ದರೆ ಗೇಟು ಮುಚ್ಚಿ ಬೇಸಿಗೆಗೆ ನೀರು ಕೂಡಿಡುವುದು.

ಅಮ್ಮ ತೀರಿಕೊಂಡ ವರ್ಷ ಮಗಳು ಶಾಲೆ ಬಿಟ್ಟಳು. ಆಗ ಹದಿಮೂರು. ತೂಕದ ಕೆಲಸ ಅವಳ ಪಾಲಿಗೆ ಬಂತು. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಲಾರದವಳಿಗೆ ತಕ್ಕಡಿ ಹಿಡಿಸಿತು. ಅದು ಏನನ್ನೂ ಕೇಳುತ್ತಿರಲಿಲ್ಲ, ತಾನೇ ಹೇಳುತ್ತಿತ್ತು. ಅವಳು ಬರೆದುಕೊಂಡರೆ ಸಾಕಿತ್ತು. ಅವಳು ಬರೆದದ್ದನ್ನು ಅಪ್ಪ ಎಂದೂ ಇನ್ನೊಮ್ಮೆ ತೂಗಿ ನೋಡಿದವನಲ್ಲ.

ಮಳೆಗಾಲದ ನಡುವೆ, ಆಕಾಶ ಹರಿದು ಸುರಿಯುವ ದಿನಗಳಲ್ಲಿ, ಹೊಳೆಯಂಚಿನ ಕೆಳಬೀದಿಯವರು ಗಂಟುಮೂಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರು. ಅಪ್ಪ ಕಿಟಕಿಯಿಂದ ನೋಡಿ ತಲೆಯಾಡಿಸುತ್ತಿದ್ದ.

"ಇಷ್ಟು ಮಳೆಗೂ ಹೊಳೆ ಯಾಕೆ ಉಕ್ಕಲ್ಲ ಅಪ್ಪಾ?"

"ಮಣ್ಣಿಗೆ ಎಂಟು ತಿಂಗಳ ಹಸಿವು ಕಣೇ. ಹಸಿದವನಿಗೆ ಹಂಡೆಗಟ್ಟಲೆ ಬಡಿಸಿದ್ರೂ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಹೊಟ್ಟೆ ತುಂಬಿದವನಿಗೆ ಇನ್ನೊಂದು ತುತ್ತು ಇಟ್ಟು ನೋಡು, ಎಲ್ಲಾ ಹೊರಗೆ ಬರುತ್ತೆ. ಇವರು ಮಳೆ ನೋಡಿ ಹೆದರ್ತಾರೆ. ಹೆದರಬೇಕಾದ್ದು ಮಣ್ಣು ನೋಡಿ."

ಮೊದಲ ಮಳೆ ಮಣ್ಣಿಗೆ, ನಡುವಿನ ಮಳೆ ಬೇರಿಗೆ, ಕೊನೆಯ ಮಳೆ ಊರಿಗೆ. ಇದು ಅವನೇ ಕಟ್ಟಿಕೊಂಡ ಗಾದೆ. ಜೋರು ಮಳೆಯ ತಿಂಗಳು ಕಳೆದು, ಬಿಸಿಲು ಇಣುಕಿ, ಜನ ಇನ್ನೇನು ಗೆದ್ದೆವೆಂದು ಅಟ್ಟದ ಮೂಟೆ ಇಳಿಸುವ ಹೊತ್ತಿಗೆ ಡಬ್ಬಿಗಳ ತೂಕ ನೆತ್ತಿಗೇರುತ್ತಿತ್ತು. ಆಗ ಬೀಳುವ ಸಾಧಾರಣ ಮಳೆಗೆ ನಿಲ್ಲಲು ಮಣ್ಣಿನಲ್ಲಿ ಜಾಗವಿಲ್ಲ. ಬಿದ್ದದ್ದು ಬಿದ್ದ ಹಾಗೆ ಹೊಳೆಗೆ ಓಡುತ್ತದೆ. "ಇಳಿಸೋ ಹೊತ್ತಲ್ಲಿ ಏರಿಸ್ರಪ್ಪಾ," ಎಂದು ಅಪ್ಪ ಚಹಾ ಅಂಗಡಿಯಲ್ಲಿ ಹೇಳಿದರೆ ಜನ ನಗುತ್ತಿದ್ದರು. ಆದರೂ ಆ ಕಾಲದಲ್ಲಿ ಅದು ಒಳ್ಳೆಯ ನಗುವಾಗಿತ್ತು.

*

ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಹೆಚ್ಚಿನವರು ಕೆಳಬೀದಿಯವರು. ನಾಲ್ಕು ದಿನದಿಂದ ಹನಿ ಬಿದ್ದಿರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಯಾರೋ ಬೆಂಚು ತಂದು ಹಾಕಿದ್ದರು, ಅದರ ಕಾಲುಗಳು ಮೆಲ್ಲಗೆ ನೆಲದೊಳಗೆ ಇಳಿಯುತ್ತಿದ್ದವು.

"ಅಂತೂ ಒಣಮಣ್ಣು ಹೋಯ್ತು," ಎಂದ ಬೀಗ ರಿಪೇರಿಯವನು. ಹನ್ನೊಂದು ವರ್ಷದಿಂದ ಊರು ಅಪ್ಪನನ್ನು ಕರೆಯುತ್ತಿದ್ದ ಹೆಸರು ಅದು. "ಇನ್ನು ಹಸಿಮಣ್ಣು."

ಒಬ್ಬಿಬ್ಬರು ನಗು ತಡೆದುಕೊಳ್ಳಲು ಕೆಮ್ಮಿದರು.

"ಸತ್ತವನ ಅಂಗಳ ಕಣೋ ಇದು," ಎಂದ ಗೇಟುಮಾಮ. ಅಣೆಕಟ್ಟಿನ ಗೇಟು ಎತ್ತಿ ಇಳಿಸಿ ಮುದುಕನಾದವನು, ಅಪ್ಪನ ಒಬ್ಬನೇ ಸ್ನೇಹಿತ.

"ನಾನೇನು ಸುಳ್ಳು ಹೇಳಿದ್ನಾ ಮಾಮ? ಕುಡಿದು ಮಲಗಿದ್ದೆ, ಡಬ್ಬಿ ಸರಿಯಾಗಿ ಒಣಗಿಸಲಿಲ್ಲ, ತಪ್ಪು ಲೆಕ್ಕ ಕೊಟ್ಟೆ ಅಂತ ವಿಚಾರಣೇಲಿ ಅವನೇ ಹೇಳಿದ್ದು. ನಾವು ಬಾಯಿಗೆ ತುರುಕಿದ್ವಾ?"

"ನಲವತ್ತು ವರ್ಷ ಅವನ ಜೊತೆ ಓಡಾಡಿದ್ದೀನಿ. ಒಂದು ತೊಟ್ಟು ಮುಟ್ಟಿದ್ದು ನಾನು ನೋಡಿಲ್ಲ."

"ಕುಡಿಯೋರೆಲ್ಲ ಡಂಗುರ ಹೊಡೆಸಿ ಕುಡೀತಾರಾ?"

ಬೆಂಚಿನ ತುದಿಯಲ್ಲಿದ್ದ ಹೊಲಿಗೆಯವಳು ತಲೆಯೆತ್ತದೆ ಹೇಳಿದಳು: "ಮಾತು ಬೆಳೆಸಬೇಡಿ. ಹೆಗಲು ಕೊಡೋಕೆ ನಾವು ಬಂದಿಲ್ಲ. ನನ್ನ ಗಂಡನ ಮೈ ಮೂರನೇ ದಿನ ಸಿಕ್ತು, ಪೆಟ್ಟಿಗೆ ಮುಚ್ಚೇ ಕೊಟ್ರು, ನೋಡೋಕೂ ಬಿಡಲಿಲ್ಲ. ಇವನದ್ದು ಮುಚ್ಚೋದನ್ನಾದ್ರೂ ಕಣ್ಣಾರೆ ನೋಡಿ ಹೋಗ್ತೀನಿ."

ಹೊಳೆ ಒಯ್ದವರು ಏಳು ಜನ. ಅದರಲ್ಲಿ ಆರು ಜನರ ಮನೆಯವರು ಆ ಅಂಗಳದಲ್ಲಿದ್ದರು. ಏಳನೆಯವಳು ಅಣ್ಣನ ಹೆಂಡತಿ.

ಗೇಟುಮಾಮ ಎದ್ದು, ಸೊಂಟ ಹಿಡಿದುಕೊಂಡು, ಬಾಗಿಲ ಮರೆಯಲ್ಲಿದ್ದ ಮಗಳ ಹತ್ತಿರ ಬಂದ. ದನಿ ತಗ್ಗಿಸಿದ. "ಈ ವಾರದ್ದು ತೂಗಿದ್ರೇನೇ?"

ಕಚೇರಿ ಅಪ್ಪನನ್ನು ಕೆಲಸದಿಂದ ತೆಗೆದು, ತಕ್ಕಡಿ ಓವನ್ನು ಎಲ್ಲ ಎತ್ತಿಕೊಂಡು ಹೋಗಿತ್ತು. ಆದರೂ ಅಪ್ಪ ಮಣ್ಣು ತರುವುದನ್ನು ಬಿಡಲಿಲ್ಲ. ಅಡುಗೆ ಒಲೆಯ ಮೇಲೆ ಹಳೆಯ ಬಾಣಲೆ ಇಟ್ಟು ಒಣಗಿಸಿ, ಅಂಗಡಿಯ ತಕ್ಕಡಿಯಲ್ಲಿ ತೂಗುವುದು ನಡೆದೇ ಇತ್ತು. ಗೇಟುಮಾಮ ವಾರಕ್ಕೊಮ್ಮೆ ಚಹಾದ ನೆಪದಲ್ಲಿ ಬಂದು ಲೆಕ್ಕ ಕೇಳಿಕೊಂಡು ಹೋಗುತ್ತಿದ್ದ. ಗೆರೆ ದಾಟಿದೆ ಎಂದರೆ ಮೇಲಿನವರಿಗೆ ಹೇಳದೆ ಗೇಟನ್ನು ಎರಡು ಬೆರಳು ಎತ್ತುತ್ತಿದ್ದ. ಹತ್ತು ಮಳೆಗಾಲ ಕೆಳಬೀದಿ ಒಣಗಿ ಮಲಗಿದ್ದು ಆ ಎರಡು ಬೆರಳಿನಿಂದ. ಅದು ಕೆಳಬೀದಿಗೆ ಗೊತ್ತಿರಲಿಲ್ಲ.

"ಮೂರೂ ಕಡೆ ದಾಟಿದೆ ಮಾಮ," ಎಂದಳು ಮಗಳು. "ಇಷ್ಟು ಯಾವತ್ತೂ ಇರಲಿಲ್ಲ. ಆ ವರ್ಷ ಬಿಟ್ರೆ."

ಗೇಟುಮಾಮ ಹಲ್ಲು ಕಚ್ಚಿದ. "ಗೇಟು ಈಗ ನನ್ನ ಕೈಲಿಲ್ಲವಲ್ಲೇ. ನನ್ನನ್ನ ಮನೆಗೆ ಕಳಿಸಿ ವರ್ಷ ಆಯ್ತು. ಈಗ ಎಲ್ಲೋ ದೂರದಲ್ಲಿ ಕೂತವನು ಗುಂಡಿ ಒತ್ತುತಾನೆ. ಮಳೆ ಎಷ್ಟು ಬಿತ್ತು ಅಂತ ಅವನಿಗೆ ಗೊತ್ತು. ಬಿದ್ದದ್ದು ಎಲ್ಲಿ ಕೂತಿದೆ ಅಂತ ಗೊತ್ತಿಲ್ಲ." ಅಂಗಳದ ಕಡೆ ನೋಡಿದ. "ಇರಲಿ. ಮಣ್ಣು ಮಾಡಿ ಆಗಲಿ. ಆಮೇಲೆ ನಾನೇ ಇವರಿಗೆ ಹೇಳ್ತೀನಿ, ನಾಲ್ಕು ದಿನ ಮೇಲೆ ಬಂದಿರಿ ಅಂತ. ಗೇಟು ಎತ್ತಿದ ಮುದುಕ, ನನ್ನ ಮಾತಿಗೆ ಒಂದಿಷ್ಟು ಬೆಲೆ ಇದೆ. ಲೆಕ್ಕ ಇವನದ್ದು ಅಂತ ಮಾತ್ರ ಬಾಯಿಬಿಡಲ್ಲ."

*

ಅತ್ತಿಗೆ ಮದುವೆಯಾಗಿ ಬಂದಾಗ ಮಗಳಿಗೆ ಹದಿನಾಲ್ಕು. ಮೂಗಿಯನ್ನು ಮಾತಾಡಿಸಿಯೇ ತೀರುತ್ತೇನೆಂದು ಪಣ ತೊಟ್ಟವಳ ಹಾಗೆ ಆಕೆ ಕೆಳಬೀದಿಯ ತಮ್ಮ ಮನೆಯಿಂದ ದಿನಾ ಹತ್ತಿ ಬರುತ್ತಿದ್ದಳು. ತಲೆ ಬಾಚುತ್ತಿದ್ದಳು, ಗಂಡನ ಗೊರಕೆಯನ್ನು ಅಣಕಿಸುತ್ತಿದ್ದಳು. ಡಬ್ಬಿಗಳ ಮುಚ್ಚಳ ತೆಗೆದು, "ನಿಮ್ಮಪ್ಪ ಏನಮ್ಮ, ಊರಿಗೆಲ್ಲ ಮಣ್ಣು ಬೇಯಿಸಿ ಹಾಕ್ತಾರೆ" ಎನ್ನುತ್ತಿದ್ದಳು.

ಮರುವರ್ಷದ ಮಳೆಗಾಲ ಮುಗಿಯಲೊಲ್ಲದು. ಬಟ್ಟೆ ಒಣಗುತ್ತಿರಲಿಲ್ಲ, ಊರಿಗೆ ಊರೇ ಬೂಷ್ಟು ನಾರುತ್ತಿತ್ತು. ಒಂದು ಸಂಜೆ ಅತ್ತಿಗೆ ನೆನೆದ ಹಳದಿ ಗೌನನ್ನು ಬಗಲಲ್ಲಿ ಒತ್ತಿಕೊಂಡು ಬಂದಳು. ಬೆಳಿಗ್ಗೆ ಬಟ್ಟೆಯಂಗಡಿಯಲ್ಲಿ ಕೆಲಸಕ್ಕೆ ಬರಹೇಳಿದ್ದರು. ಇದ್ದದ್ದರಲ್ಲಿ ನೆಟ್ಟಗಿದ್ದದ್ದು ಅದೊಂದೇ.

"ಊರಲ್ಲೆಲ್ಲ ಬಿಸಿ ಇರೋದು ನಿನ್ನ ಆ ಪೆಟ್ಟಿಗೆಯಲ್ಲಿ ಮಾತ್ರ ಕಣೇ. ಒಂದು ರಾತ್ರಿ. ನಿಮ್ಮಣ್ಣನಿಗೆ ಹೇಳಬೇಡ, ಕೆಲಸ ಸಿಕ್ಕಿದ್ಮೇಲೆ ನಾನೇ ಹೇಳ್ತೀನಿ."

ಅಪ್ಪ ಮೇಲಿನ ಮಳೆಯವನಿಗೆ ಜ್ವರವೆಂದು ಅವನ ಮಳೆಮಾಪಕ ನೋಡಲು ಗುಡ್ಡಕ್ಕೆ ಹೋಗಿದ್ದ, ಮರುದಿನ ಮಧ್ಯಾಹ್ನಕ್ಕೆ ಬರುವವನು. ಡಬ್ಬಿಗಳು ಓವನ್ನಿಗೆ ಹೋಗಿ ನಾಲ್ಕು ಗಂಟೆಯೂ ಆಗಿರಲಿಲ್ಲ. ಮಗಳು ಅವನ್ನು ಒಂದೊಂದಾಗಿ ಹೊರಗಿಟ್ಟಳು. ಬಟ್ಟೆ ಸುಡಬಾರದೆಂದು ಬಿಸಿ ತಗ್ಗಿಸಿದಳು. ಬೆಳಿಗ್ಗೆ ಅತ್ತಿಗೆ ಓಡೋಡಿ ಬಂದು, ಗೌನನ್ನು ಮುಖಕ್ಕೆ ಒತ್ತಿಕೊಂಡು, "ಅಯ್ಯೋ ದೇವರೇ, ಇದು ಬಟ್ಟೆಯೋ ಸೂರ್ಯನೋ" ಎಂದು ಅವಳ ಹಣೆಗೆ ಮುತ್ತು ಕೊಟ್ಟು ಹೋದಳು. ಡಬ್ಬಿಗಳು ಮತ್ತೆ ಒಳಗೆ ಹೋದವು. ಮಧ್ಯಾಹ್ನಕ್ಕೆ ತೆಗೆದಾಗ ಮಣ್ಣು ಮೇಲೆ ಬಿಳಿಚಿಕೊಂಡು, ಬಿರುಕು ಬಿಟ್ಟು, ಒಣಗಿದ ಹಾಗೆಯೇ ಕಂಡಿತು. ಅವಳು ತೂಗಿ ಬರೆದಳು.

"ಕಮ್ಮಿ ಬಂತಲ್ಲೇ ಈ ಸಲ," ಎಂದ ಅಪ್ಪ ಫೋನು ಕೈಗೆತ್ತಿಕೊಂಡು. "ಸರಿಯಾಗಿ ಒಣಗಿದೆಯಾ?"

"ಒಣಗಿದೆ."

"ಮೂರು ದಿನದಿಂದ ಮಳೆ ಜೋರಿಲ್ಲ, ಅದಕ್ಕೇ ಇರಬೇಕು."

ಗೆರೆಯ ಕೆಳಗೆ, ಎಂದು ಕಚೇರಿ ಬರೆದುಕೊಂಡಿತು. ಗೇಟುಗಳು ಮುಚ್ಚಿಯೇ ಇದ್ದವು. ಎರಡು ದಿನದ ಮೇಲೆ ಒಂದು ಮಳೆ ಬಂತು. ದೊಡ್ಡದೇನಲ್ಲ, ಕೊಡೆ ಹಿಡಿದು ನಡೆದುಹೋಗಬಹುದಾದ ಮಳೆ. ತುಂಬಿದ್ದ ಅಣೆಕಟ್ಟು ತಡೆಯಲಾರದಾದಾಗ ಬೆಳಗಿನ ಜಾವ ಎಲ್ಲ ಗೇಟುಗಳನ್ನೂ ಒಮ್ಮೆಗೇ ಎತ್ತಿದರು. ಅಣ್ಣ ಮರದ ಲೋಡು ತರಲು ಬೇರೆ ಊರಿಗೆ ಹೋಗಿದ್ದ. ಕೆಳಬೀದಿ ಮಲಗಿತ್ತು.

ಹೊಳೆ ಉಕ್ಕಿದ ಮೂರನೆಯ ದಿನ ಅಪ್ಪ ಅದೇ ಡಬ್ಬಿಗಳನ್ನು ಮತ್ತೆ ಓವನ್ನಿಗಿಟ್ಟ. ಒಂದು ಹಗಲು ಒಂದು ರಾತ್ರಿ ಅದರ ಮುಂದೆಯೇ ಕೂತ. ತೂಗಿದ. ಪ್ರತಿಯೊಂದೂ ಇಳಿದಿತ್ತು. ಓವನ್ನಿನ ಕಂಬಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಳದಿ ಎಳೆಯನ್ನು ಬಿಡಿಸಿ, ಬೆರಳಿಗೆ ಸುತ್ತಿಕೊಂಡು, ಅವಳ ಮುಖ ನೋಡಿದ. ಅವಳು ಹೇಳಿದಳು. ಬದುಕಿನಲ್ಲಿ ಅಷ್ಟು ಉದ್ದ ಅವಳು ಮಾತಾಡಿದ್ದು ಅದೇ ಮೊದಲು.

ಅಪ್ಪ ಓವನ್ನಿನ ಬಾಗಿಲು ಮುಚ್ಚಿದ. ಆಮೇಲೆ, "ನಿಮ್ಮಣ್ಣನಿಗೆ ಅವಳೂ ಇಲ್ಲ," ಎಂದ. "ಅವಳ ನೆನಪಿಗೂ ಕಸ ಬೀಳೋದು ಬೇಡ. ತನ್ನ ಸಾವನ್ನ ತಾನೇ ಒಣಗಿಸಿಕೊಂಡು ಹೋದ್ಲು ಅಂತ ಅವನು ದಿನಾ ಎದ್ದು ನೆನೆಸಬೇಕಾ? ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬದುಕಲಿ. ಸಿಟ್ಟು ಮನುಷ್ಯನ್ನ ಬದುಕಿಸುತ್ತೆ."

ಮರುದಿನ ವಿಚಾರಣೆಯಲ್ಲಿ, ಕುಡಿದು ಮಲಗಿದ್ದೆ ಎಂದು ಹೇಳಿ ಬಂದ.

*

ಅಣ್ಣ ಪೆಟ್ಟಿಗೆಯ ಮುಚ್ಚಳದ ಅಂಚನ್ನು ಮರಳುಕಾಗದದಿಂದ ಉಜ್ಜುತ್ತಿದ್ದ. ಆಗಲೇ ನಯವಾಗಿದ್ದ ಅಂಚು.

"ಅತ್ತೆ ಕಳಿಸಿದ್ಲಾ?" ಎಂದ.

ಮಗಳು ಇಲ್ಲವೆಂದು ತಲೆಯಾಡಿಸಿ ಅವನ ಪಕ್ಕ ನೆಲದಲ್ಲಿ ಕೂತಳು. ಕೂತ ಕೂಡಲೇ ಬಟ್ಟೆಗೆ ತೇವ ಹತ್ತಿತು.

"ಹೊರು ಅಂತ ಕೇಳೋಕೆ ಬಂದಿದ್ರೆ ಎದ್ದು ಹೋಗು ಮೂಗಿ. ನಿನ್ನ ಮೇಲೆ ನನಗೆ ಕೋಪ ಇಲ್ಲ. ಅವನನ್ನ ಹೊರೋ ಹೆಗಲು ಮಾತ್ರ ನನ್ನ ಹತ್ರ ಇಲ್ಲ." ಉಜ್ಜುವುದನ್ನು ನಿಲ್ಲಿಸಿ ಅಂಗೈ ನೋಡಿಕೊಂಡ. "ಅವಳ ಮುಖ ನನಗೆ ಈಗ ಸರಿಯಾಗಿ ನೆನಪಾಗಲ್ಲ, ಗೊತ್ತಾ? ಫೋಟೋ, ಬಟ್ಟೆ, ಬಾಚಣಿಗೆ, ಎಲ್ಲಾ ಹೊಳೆ ತಗೊಂಡು ಹೋಯ್ತು. ಒಂದೇ ಒಂದು ಉಳಿದಿದೆ. ಎರಡು ದಿನ ಮೊದಲು ನನ್ನ ಹತ್ರ ಕಾರ್ಖಾನೆಗೆ ಓಡಿ ಬಂದ್ಲು, ಅಂಗಡಿ ಕೆಲಸ ಸಿಕ್ತು ಅಂತ. ಹಳದಿ ಗೌನು. ಊರೆಲ್ಲ ಬೂಷ್ಟು, ಅವಳೊಬ್ಬಳು ಆಗ ತಾನೇ ಬಿಸಿಲಿಂದ ಎತ್ತಿಕೊಂಡು ಬಂದ ಹಾಗೆ. ಎಲ್ಲಿ ಒಣಗಿಸಿದ್ಯೇ ಅಂದೆ. ಸೂರ್ಯನ್ನ ಬಾಡಿಗೆಗೆ ತಂದಿದ್ದೆ ಅಂದ್ಲು." ಅವನ ಬಾಯಿಯ ಒಂದು ಬದಿ ನಕ್ಕಿತು. "ಆ ಬೆಚ್ಚಗಿನದು ಇನ್ನೂ ಈ ಕೈಯಲ್ಲಿದೆ. ಅಷ್ಟೇ ನನ್ನ ಆಸ್ತಿ. ಉಳಿದದ್ದನ್ನೆಲ್ಲ ಅಲ್ಲಿ ಮಲಗಿರೋ ಮನುಷ್ಯ ಕುಡಿದ."

ಒಳಗಿಂದ ಅತ್ತೆ ಯಾರಿಗೋ ತಳ್ಳುಗಾಡಿಯ ವಿಷಯ ಕೇಳುತ್ತಿದ್ದದ್ದು ಕೇಳಿಸಿತು.

"ಅಪ್ಪ ಕುಡಿದಿರಲಿಲ್ಲ," ಎಂದಳು.

"ಅವನೇ ಹೇಳಿದ."

"ಅವತ್ತು ಅಪ್ಪ ಮನೆಯಲ್ಲೇ ಇರಲಿಲ್ಲ. ಡಬ್ಬಿ ಹೊರಗೆ ತೆಗೆದದ್ದು ನಾನು. ಹೊತ್ತಿಗೆ ಮುಂಚೆ. ಒಣಗಿದೆ ಅಂತ ಹೇಳಿದ್ದೂ ನಾನೇ."

ಅಣ್ಣ ತಲೆಯೆತ್ತಿ ಅವಳನ್ನು ನೋಡಿದ.

"ನೀನು ಯಾಕೆ ತೆಗೆದೆ?"

ಉತ್ತರ ಅವಳ ಬಾಯಿಯ ತುದಿಯಲ್ಲೇ ಇತ್ತು. ಅದಕ್ಕೆ ಹಳದಿ ಬಣ್ಣವಿತ್ತು, ಬಿಸಿಯಿತ್ತು. ಹೇಳಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಅಣ್ಣ ಅಂಗೈಯನ್ನು ಇನ್ನೂ ಮೇಲೆ ಮಾಡಿ ಹಿಡಿದಿದ್ದ.

"ಬೇಜಾರಾಗಿತ್ತು," ಎಂದಳು.

"ಏನು?"

"ಕಾಯೋಕೆ ಬೇಜಾರಾಗಿತ್ತು. ಬೇಗ ಮುಗಿಸೋಣ ಅಂತ."

"ಬೇಜಾರು." ಅಣ್ಣ ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡಿದ. "ಏಳು ಜನ. ಬೇಜಾರಿಗೆ." ಆಮೇಲೆ ಬಹಳ ಮೆಲ್ಲಗೆ, "ಅವನಿಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ಹನ್ನೊಂದು ವರ್ಷ. ರಸ್ತೆಯಲ್ಲಿ ಎದುರು ಬಂದ್ರೆ ಉಗೀತಿದ್ದೆ. ಒಂದು ಸಲ ಅಂಗಿ ಮೇಲೆ ಬಿತ್ತು. ಒರೆಸಿಕೊಂಡು, ಊಟ ಆಯ್ತೇನೋ ಅಂದ. ಊಟ ಆಯ್ತೇನೋ!" ಎದ್ದು ನಿಂತ. ಅಂಗಳವೆಲ್ಲ ಅವನ ಕಡೆ ತಿರುಗಿತು.

"ಕೇಳಿದ್ರೇನ್ರೋ? ನಮ್ಮಪ್ಪ ಕುಡಿದಿರಲಿಲ್ಲವಂತೆ. ಇವಳು. ಇವಳಿಗೆ ಬೇಜಾರಾಗಿತ್ತಂತೆ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಲಿಗೆಯವಳು ಬೆಂಚಿನಿಂದ ಎದ್ದಳು, ಮತ್ತೆ ಕೂತಳು. ಬೀಗದವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅತ್ತೆ ಬಾಗಿಲಿಗೆ ಬಂದವಳು ಬಾಯಿ ತೆರೆದು ಹಾಗೇ ನಿಂತಳು. ಗೇಟುಮಾಮ ಮಗಳನ್ನೇ ನೋಡುತ್ತಿದ್ದ.

"ಹೆಗಲು ಕೊಡಿ ಬನ್ನಿ," ಎಂದ ಅಣ್ಣ. ಹನ್ನೊಂದು ವರ್ಷದ ಮೇಲೆ ಹೊಸ್ತಿಲು ದಾಟಿ ಒಳಗೆ ಹೋದ. ಅವನು ಅಪ್ಪನ ಮೇಲೆ ಬಿದ್ದು ಅತ್ತದ್ದು ಬೀದಿಗೆ ಕೇಳಿಸಿತು. ಹೊರಗೆ ಬಂದಾಗ ಕಣ್ಣು ಒರೆಸಿಕೊಂಡಿದ್ದ.

"ನೀನು ಹಿಂದೆ ಬಾ," ಎಂದ ತಂಗಿಗೆ. "ದೂರದಿಂದ."

*

ಆರು ಹೆಗಲು ಕೇಳಿದ ಕಡೆ ಹನ್ನೆರಡು ಹೆಗಲು ಬಂದವು. ಗುಡ್ಡದ ನೆತ್ತಿಯ ಸ್ಮಶಾನದವರೆಗೆ ಅಪ್ಪ ಒಮ್ಮೆಯೂ ಕೆಳಗಿಳಿಯದೆ ಹೋದ. ದಾರಿಯುದ್ದಕ್ಕೂ ಜನ ಅವನ ಒಳ್ಳೆಯ ಮಾತುಗಳನ್ನು ಆಡಿದರು. ಎಂಥ ಮನುಷ್ಯ, ಒಂದು ದಿನ ಬಾಯಿಬಿಟ್ಟನಾ ಎಂದರು. ಮಗಳು ಇಪ್ಪತ್ತು ಹೆಜ್ಜೆ ಹಿಂದೆ ನಡೆದಳು. ಅತ್ತೆ ಒಮ್ಮೆ ತಿರುಗಿ ನೋಡಿ, ಮತ್ತೆ ಮುಂದೆ ನೋಡಿದಳು.

ಗುಂಡಿ ತೋಡುವವನು ಬಕೆಟ್ಟಿನಿಂದ ನೀರು ಮೊಗೆದು ಚೆಲ್ಲುತ್ತಿದ್ದ. "ನಾಲ್ಕು ದಿನದಿಂದ ಹನಿ ಇಲ್ಲ. ನೆತ್ತಿ ಮೇಲೆ ಎಲ್ಲಿಂದ ಬರ್ತಿದೆ ಅಂತ ನನಗೂ ಗೊತ್ತಿಲ್ಲ ಸ್ವಾಮಿ. ಬೇಗ ಇಳಿಸಿಬಿಡಿ, ಇಲ್ಲಾಂದ್ರೆ ಮತ್ತೆ ತುಂಬುತ್ತೆ."

ಬೇಗ ಇಳಿಸಿದರು. ಅಣ್ಣ ಮೊದಲ ಹಿಡಿ ಹಾಕಿದ. ಸಾಲು ಸಾಗಿತು. ಗೇಟುಮಾಮ ಸಾಲು ಬಿಟ್ಟು ಹಿಂದಕ್ಕೆ ಬಂದು ಮಗಳ ಎದುರು ನಿಂತ.

"ಈ ಹನ್ನೊಂದು ವರ್ಷ ತೂಗಿದ್ದು ಯಾರೇ?"

"ನಾನೇ ಮಾಮ."

"ಅವನಲ್ಲವಾ?"

"ಅಪ್ಪ ಮಣ್ಣು ತರ್ತಿದ್ದ. ಒಣಗಿಸಿ ತೂಗೋದು ನಾನು."

"ನಿನ್ನ ತೂಕ ನಂಬಿಕೊಂಡು ನಾನು ಕೆಲಸ ಪಣಕ್ಕಿಟ್ಟು ಗೇಟು ಎತ್ತುತಿದ್ನಾ?" "ಈ ವಾರದ್ದೂ ನಿನ್ನದೇನಾ?"

"ಸರಿಯಾಗಿ ಒಣಗಿಸಿದ್ದೀನಿ ಮಾಮ. ನೀವು ಹೇಳ್ತೀನಿ ಅಂದಿದ್ರಲ್ಲ, ಇವರಿಗೆ."

"ಆವಾಗಲೂ ಸರಿಯಾಗಿ ಒಣಗಿದೆ ಅಂತಲೇ ಅಂದಿರ್ತೀಯ," ಎಂದ ಗೇಟುಮಾಮ. "ಏನಂತ ಹೇಳಲಿ? ಯಾರ ಲೆಕ್ಕ ಅಂತ ಹೇಳಲಿ?" ಸೊಂಟ ಹಿಡಿದುಕೊಂಡು ಹೋಗಿ ಉಳಿದವರ ನಡುವೆ ಸೇರಿಕೊಂಡ. ಅವನು ಯಾರಿಗೂ ಏನೂ ಹೇಳಲಿಲ್ಲ.

ಗುಂಡಿ ಮುಚ್ಚಿತು. ಜನ ಕೈ ಕೊಡವಿಕೊಂಡರು, ಮನೆಯ ಮಾತು ತೆಗೆದರು, ಕೆಳಗಿನ ದಾರಿ ಹಿಡಿಯಲು ತಿರುಗಿದರು. ಆಗ ಮಗಳ ನಾಲಿಗೆ ಅಂಗುಳದಿಂದ ಕಿತ್ತುಕೊಂಡು ಬಂತು.

"ಇವತ್ತು ಕೆಳಗೆ ಹೋಗಬೇಡಿ," ಎಂದಳು. ದನಿ ಅವಳಿಗೇ ಅಪರಿಚಿತವಾಗಿತ್ತು. "ಮಣ್ಣು ತುಂಬಿದೆ. ಇನ್ನು ಒಂದು ಹನಿಗೂ ಜಾಗ ಇಲ್ಲ. ದೊಡ್ಡ ಮಳೆ ಬೇಕಿಲ್ಲ, ಸಣ್ಣದು ಬಂದ್ರೂ ಸಾಕು. ನಾಲ್ಕು ದಿನ, ನಾಲ್ಕೇ ದಿನ ಮೇಲೆ ಬಂದಿರಿ. ಮನೆಯಲ್ಲಿ ಜಾಗ ಇದೆ. ಅಣ್ಣಾ..."

ಎಲ್ಲರೂ ನಿಂತರು. ಬೀಗದವನು ಆಕಾಶ ನೋಡಿದ. ಒಂದು ಮೋಡವಿರಲಿಲ್ಲ.

"ಮೂಗಿಗೂ ಬಾಯಿ ಬಂತು ನೋಡ್ರಪ್ಪ," ಎಂದ. ಈ ಸಲ ಯಾರೂ ನಗಲಿಲ್ಲ.

ಹೊಲಿಗೆಯವಳು ಎರಡು ಹೆಜ್ಜೆ ಹತ್ತಿರ ಬಂದಳು. "ಮಾತಾಡಬೇಕಾದಾಗ ಹನ್ನೊಂದು ವರ್ಷ ಸುಮ್ಮನಿದ್ದೆ," ಎಂದಳು. ಕೂಗಲಿಲ್ಲ, ಬಟ್ಟೆಯ ಅಳತೆ ಹೇಳುವ ದನಿಯಲ್ಲೇ ಹೇಳಿದಳು. "ಈಗ ಯಾಕೆ? ಸುಮ್ಮನಿದ್ದು ಬೇಜಾರಾಯ್ತಾ?"

ಮಗಳು ಅಣ್ಣನ ಕಡೆ ನೋಡಿದಳು. ಅವನು ಬೆನ್ನು ತಿರುಗಿಸಿ ಆಗಲೇ ಇಳಿಯತೊಡಗಿದ್ದ. ಅವನ ಮನೆ ಕೆಳಬೀದಿಯ ಕೊನೆಯದು, ಹೊಳೆಗೆ ಎಲ್ಲಕ್ಕಿಂತ ಹತ್ತಿರ. ಹೆಂಡತಿಯಿದ್ದ ಮನೆಯೆಂದು ಅದೇ ಪಾಯದ ಮೇಲೆ ಮತ್ತೆ ಕಟ್ಟಿಕೊಂಡಿದ್ದ. ಅವನ ಹಿಂದೆ ಬೀಗದವನು, ಹೊಲಿಗೆಯವಳು, ಅವಳ ಹಿಂದೆ ಉಳಿದವರು. ಜಾರುತ್ತದೆಂದು ಗೇಟುಮಾಮ ಅತ್ತೆಯ ಕೈ ಹಿಡಿದುಕೊಂಡ.

ದಾರಿಯ ಹುಲ್ಲು ಹಸಿರಾಗಿ ಹೊಳೆಯುತ್ತಿತ್ತು. ಬಿಸಿಲು ಚೆನ್ನಾಗಿತ್ತು. ಅವರು ಇಳಿದು ಇಳಿದು ಚಿಕ್ಕವರಾದರು. ಕಾಲು ಕಿತ್ತ ಕಡೆಯೆಲ್ಲ ಹೆಜ್ಜೆಗಳು ಉಳಿದವು. ಅವಳು ನೋಡುತ್ತಿದ್ದ ಹಾಗೆಯೇ, ಅವಳ ಕಾಲ ಬುಡದಿಂದ ಕೆಳಬೀದಿಯವರೆಗೆ, ಒಂದೊಂದು ಹೆಜ್ಜೆಯೂ ತಳದಿಂದ ಮೆಲ್ಲಗೆ ನೀರು ತುಂಬಿಕೊಳ್ಳತೊಡಗಿತು.